ಅಂಗಡಿಯ ಲೆಕ್ಕ, ಗಡಿಯ ತೆರಿಗೆ



ತಾಳವಾಡಿ ಪೇಟೆಯಲ್ಲಿ ಗೊಬ್ಬರ, ಔಷಧಿ, ಬಿತ್ತನೆ ಬೀಜ ಮಾರುವ ಅಂಗಡಿಯೊಂದಿದೆ ಎಂದು ಇಟ್ಟುಕೊಳ್ಳೋಣ. ಯಜಮಾನರು ಬೆಳಗ್ಗೆ ಬಾಗಿಲು ತೆಗೆದು, ದೇವರ ಪಟಕ್ಕೆ ಊದುಬತ್ತಿ ಹಚ್ಚಿ, ಗಲ್ಲಾಪೆಟ್ಟಿಗೆಯ ಮುಂದೆ ಕುಳಿತಿದ್ದಾರೆ. ಮೊಬೈಲಿಗೆ ಒಂದು ಸಂದೇಶ ಬರುತ್ತದೆ. ತೆರಿಗೆ ಇಲಾಖೆಯಿಂದ ನೋಟೀಸು. ಮಗನನ್ನು ಕರೆದು ಓದಿಸುತ್ತಾರೆ. ಅದರಲ್ಲಿ 'ಆಡಿಟ್' ಎಂಬ ಮಾತು ಕಾಣುತ್ತದೆ. ಅಷ್ಟಕ್ಕೇ ಯಜಮಾನರ ಬಾಯಿ ಒಣಗುತ್ತದೆ. "ನಾನೇನು ಕಳ್ಳತನ ಮಾಡಿದೆನಪ್ಪಾ?" ಎನ್ನುತ್ತಾರೆ. ಪಕ್ಕದ ಅಂಗಡಿಯವರು ಬಂದು, "ಅಣ್ಣಾ, ಇನ್ನು ಅಂಗಡಿಗೆ ಬೀಗ ಹಾಕಿಬಿಡುತ್ತಾರೆ" ಎಂದು ಇನ್ನಷ್ಟು ಹೆದರಿಸುತ್ತಾರೆ.

ಇಬ್ಬರ ಮಾತೂ ಸರಿಯಲ್ಲ. ಲೆಕ್ಕ ತಪಾಸಣೆಗೆ ಆಯ್ಕೆಯಾದ ಮಾತ್ರಕ್ಕೆ ಯಾರೂ ಕಳ್ಳರಾಗುವುದಿಲ್ಲ, ಯಾರೂ ಬೀಗವನ್ನೂ ಹಾಕುವುದಿಲ್ಲ. ಆದರೆ ಲೆಕ್ಕ ಸರಿಯಿಲ್ಲದಿದ್ದರೆ ಕೈಯಿಂದ ಹಣ ಹೋಗುವುದು ನಿಜ. ಅದರಲ್ಲಿಯೂ ನಮ್ಮಂಥ ಗಡಿಯ ಊರಿನಲ್ಲಿ, ತಪ್ಪು ಮಾಡುವ ಮನಸ್ಸೇ ಇಲ್ಲದವರ ಹಣವೂ ಹೋಗಬಹುದು. ಅದು ಹೇಗೆ, ಅದನ್ನು ತಪ್ಪಿಸಿಕೊಳ್ಳುವುದು ಹೇಗೆ ಎಂಬುದೇ ಈ ಹೊತ್ತಿನ ಮಾತು.

ಮೊದಲು ಹೆಸರು ತಿಳಿದುಕೊಳ್ಳೋಣ. ನಾವು ಕನ್ನಡದಲ್ಲಿ ಸರಕು ಮತ್ತು ಸೇವಾ ತೆರಿಗೆ ಎನ್ನುತ್ತೇವೆ. ತಮಿಳಿನಲ್ಲಿ ಅದೇ 'ಸರಕ್ಕು ಮಟ್ರುಂ ಸೇವೈ ವರಿ'. ಎರಡೂ ಭಾಷೆಯ ಅಂಗಡಿಯವರ ಬಾಯಲ್ಲಿ ಜಿ.ಎಸ್.ಟಿ. ಲೆಕ್ಕ ತಪಾಸಣೆಗೆ ತಮಿಳಿನವರು 'ತಣಿಕ್ಕೈ' ಎನ್ನುತ್ತಾರೆ. ಅಧಿಕಾರಿ ಬಂದು 'ಕಣಕ್ಕು' ಕೇಳಿದರೆ ಲೆಕ್ಕದ ಪುಸ್ತಕ ಕೇಳಿದರೆಂದು ತಿಳಿಯಿರಿ. 'ಇರುಪ್ಪು' ಎಷ್ಟು ಎಂದರೆ ದಾಸ್ತಾನು ಎಷ್ಟಿದೆ ಎಂದರ್ಥ. 'ವಣಿಗವರಿ' ಎಂದರೆ ವಾಣಿಜ್ಯ ತೆರಿಗೆ. ಭಾಷೆ ಎರಡಾದರೂ ಕೇಳುವ ಕಾಗದ ಒಂದೇ.

ಈ ತೆರಿಗೆ ಜಾರಿಗೆ ಬಂದದ್ದು 2017ರ ಜುಲೈ 1ರಂದು. ಅದಕ್ಕೆ ಮೊದಲು ತಮಿಳುನಾಡಿನಲ್ಲಿ 2007ರಿಂದ, ಕರ್ನಾಟಕದಲ್ಲಿ 2005ರಿಂದ ಮೌಲ್ಯವರ್ಧಿತ ತೆರಿಗೆ ಇತ್ತು. ಆಗ ಗಡಿಯಲ್ಲಿ ವಾಣಿಜ್ಯ ತೆರಿಗೆಯವರ ತನಿಖಾ ಠಾಣೆ ಇರುತ್ತಿತ್ತು. ಲಾರಿ ನಿಲ್ಲಿಸಿ ಕಾಗದ ನೋಡುತ್ತಿದ್ದರು. 2017ರಲ್ಲಿ ಆ ತೆರಿಗೆ ಠಾಣೆಗಳನ್ನು ಎತ್ತಿದರು. ಠಾಣೆ ಹೋದದ್ದರಿಂದ ಗಡಿಯೇ ಹೋಯಿತು ಎಂದು ಬಹಳ ಜನ ತಿಳಿದರು. ಗಡಿ ಹೋಗಲಿಲ್ಲ. ಅದು ರಸ್ತೆಯಿಂದ ಎದ್ದು ಬಿಲ್ಲಿನೊಳಗೆ ಬಂದು ಕುಳಿತಿದೆ. ನಿಮ್ಮ ಜಿ.ಎಸ್.ಟಿ. ನಂಬರಿನಲ್ಲಿ 15 ಅಕ್ಷರಗಳಿವೆ. ಅದರ ಮೊದಲ ಎರಡು ಅಂಕಿ ನೋಡಿ. ತಾಳವಾಡಿಯ ಅಂಗಡಿಯಾದರೆ 33, ಅಂದರೆ ತಮಿಳುನಾಡು. ಚಾಮರಾಜನಗರದ ಅಂಗಡಿಯಾದರೆ 29, ಅಂದರೆ ಕರ್ನಾಟಕ. 1956ರ ನವೆಂಬರ್ 1ರಂದು ರಾಜ್ಯಗಳನ್ನು ವಿಂಗಡಿಸಿದಾಗ ಕೊಳ್ಳೇಗಾಲ ಮೈಸೂರು ರಾಜ್ಯಕ್ಕೆ ಹೋಯಿತು, ತಾಳವಾಡಿ ಮದರಾಸು ರಾಜ್ಯದಲ್ಲಿಯೇ ಉಳಿಯಿತು. ಅಂದು ಎಳೆದ ಆ ಗೆರೆಯೇ ಇಂದು ಈ ಎರಡು ಅಂಕಿಗಳಾಗಿ ನಿಂತಿದೆ.

ಈಗ ಲೆಕ್ಕ ತಪಾಸಣೆ ಎಂದರೇನು? ಕಾನೂನಿನ ಪ್ರಕಾರ ಅದು ನಾಲ್ಕು ವಿಷಯಗಳ ಪರಿಶೀಲನೆ. ನೀವು ತೋರಿಸಿದ ವಹಿವಾಟು ಸರಿಯೇ? ಕಟ್ಟಿದ ತೆರಿಗೆ ಸರಿಯೇ? ಮರುಪಾವತಿ ಕೇಳಿದ್ದರೆ ಅದು ಸರಿಯೇ? ಕೊಂಡ ಮಾಲಿನ ಮೇಲೆ ಕೊಟ್ಟ ತೆರಿಗೆಯನ್ನು ಜಮೆ ಹಿಡಿದದ್ದು ಸರಿಯೇ? ಈ ಕೊನೆಯದನ್ನೇ ವ್ಯಾಪಾರಿಗಳು 'ಇನ್‌ಪುಟ್' ಎನ್ನುವುದು. ಇಷ್ಟನ್ನು ನಿಮ್ಮ ಪುಸ್ತಕ, ಬಿಲ್ಲು, ರಿಟರ್ನುಗಳನ್ನು ಪಕ್ಕಪಕ್ಕ ಇಟ್ಟು ನೋಡುತ್ತಾರೆ.

ಹೆಸರಿನ ಗೊಂದಲ ಬೇಡ. ನೋಟೀಸು ಎಂದ ಮಾತ್ರಕ್ಕೆ ಎಲ್ಲವೂ ಲೆಕ್ಕ ತಪಾಸಣೆಯಲ್ಲ. ನಾಲ್ಕು ಬಗೆ ಇವೆ. ಒಂದನೆಯದು, ರಿಟರ್ನಿನ ಪರಿಶೀಲನೆ. ಅಧಿಕಾರಿ ತಮ್ಮ ಕಚೇರಿಯಲ್ಲಿಯೇ ಕುಳಿತು ನಿಮ್ಮ ರಿಟರ್ನು ನೋಡಿ, ವ್ಯತ್ಯಾಸ ಕಂಡರೆ ಎ.ಎಸ್.ಎಂ.ಟಿ. 10 ಎಂಬ ನಮೂನೆಯಲ್ಲಿ ಕೇಳುತ್ತಾರೆ. 30 ದಿನದೊಳಗೆ ಉತ್ತರ ಕೊಡಬೇಕು. ಉತ್ತರ ಒಪ್ಪಿಗೆಯಾದರೆ ಅಲ್ಲಿಗೆ ಮುಗಿಯಿತು. ಎರಡನೆಯದು, 65ನೇ ವಿಧಿಯ ಲೆಕ್ಕ ತಪಾಸಣೆ. ಇದನ್ನು ಇಲಾಖೆಯ ಅಧಿಕಾರಿಗಳೇ ನಡೆಸುತ್ತಾರೆ. ಮೂರನೆಯದು, 66ನೇ ವಿಧಿಯ ವಿಶೇಷ ಲೆಕ್ಕ ತಪಾಸಣೆ. ಲೆಕ್ಕ ಬಹಳ ಜಟಿಲವಾಗಿದೆ ಎನಿಸಿದಾಗ ಕಮಿಷನರ್ ನೇಮಿಸಿದ ಲೆಕ್ಕ ಪರಿಶೋಧಕರು ನಡೆಸುವುದು. ಅದರ ಖರ್ಚು, ಪರಿಶೋಧಕರ ಸಂಭಾವನೆ ಎಲ್ಲವೂ ಸರ್ಕಾರದ್ದೇ, ನಿಮ್ಮದಲ್ಲ. ನಾಲ್ಕನೆಯದು, 67ನೇ ವಿಧಿಯ ತನಿಖೆ ಮತ್ತು ಶೋಧ. ಇದು ತೆರಿಗೆ ತಪ್ಪಿಸಿದ್ದಾರೆಂಬ ಸಂಶಯಕ್ಕೆ ಕಾರಣವಿದ್ದಾಗ, ಜಂಟಿ ಕಮಿಷನರ್ ದರ್ಜೆಗೆ ಕಡಿಮೆಯಿಲ್ಲದವರ ಲಿಖಿತ ಅನುಮತಿಯ ಮೇಲೆ ನಡೆಯುವಂಥದು. ಜನ ಹೆದರುವುದು ಈ ನಾಲ್ಕನೆಯದಕ್ಕೆ. ಬರುವುದು ಸಾಮಾನ್ಯವಾಗಿ ಮೊದಲನೆಯದು, ಇಲ್ಲವೆ ಎರಡನೆಯದು. ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿ ನೋಡಿಕೊಳ್ಳುವುದು ಬೇಡ.

ಇನ್ನೊಂದು ಹಳೆಯ ವಿಷಯ ಇನ್ನೂ ಕೆಲವರ ತಲೆಯಲ್ಲಿದೆ. ವರ್ಷಕ್ಕೆ 2 ಕೋಟಿಗೆ ಮೇಲ್ಪಟ್ಟ ವಹಿವಾಟಿದ್ದವರು ಚಾರ್ಟರ್ಡ್ ಅಕೌಂಟೆಂಟರಿಂದ ಜಿ.ಎಸ್.ಟಿ. ಲೆಕ್ಕಕ್ಕೆ ಸಹಿ ಹಾಕಿಸಬೇಕೆಂಬ ನಿಯಮ ಮೊದಲು ಇತ್ತು. 2021ರ ಆಗಸ್ಟ್ 1ರಿಂದ ಅದನ್ನು ತೆಗೆದಿದ್ದಾರೆ. ಈಗ 2 ಕೋಟಿ ಮೀರಿದವರು ವಾರ್ಷಿಕ ರಿಟರ್ನು ಸಲ್ಲಿಸಬೇಕು. 5 ಕೋಟಿ ಮೀರಿದವರು ಅದರ ಜೊತೆಗೆ, ಪುಸ್ತಕದ ಲೆಕ್ಕಕ್ಕೂ ರಿಟರ್ನಿನ ಲೆಕ್ಕಕ್ಕೂ ತಾಳೆ ಹಾಕಿದ ಪಟ್ಟಿಯನ್ನು ತಾವೇ ದೃಢೀಕರಿಸಿ ಕೊಡಬೇಕು. ಕೊನೆಯ ದಿನ ಮುಂದಿನ ಡಿಸೆಂಬರ್ 31. ಆದರೆ 2 ಕೋಟಿಯ ಒಳಗಿನವರನ್ನು ಇಲಾಖೆ ತಪಾಸಣೆ ಮಾಡುವಂತಿಲ್ಲ ಎಂದು ಇದರ ಅರ್ಥವಲ್ಲ. ನೋಂದಣಿ ಇರುವ ಯಾರ ಲೆಕ್ಕವನ್ನಾದರೂ ಅವರು ನೋಡಬಹುದು.

ನೋಂದಣಿ ಯಾರಿಗೆ ಬೇಕು? ಮಾಲು ಮಾರುವವರಿಗೆ ವರ್ಷದ ವಹಿವಾಟು 40 ಲಕ್ಷ ಮೀರಿದರೆ, ಸೇವೆ ಕೊಡುವವರಿಗೆ 20 ಲಕ್ಷ ಮೀರಿದರೆ. ಬೇಸಾಯಗಾರರು ತಮ್ಮ ಭೂಮಿಯಲ್ಲಿ ಬೆಳೆದ ಫಸಲನ್ನು ಮಾರಲು ನೋಂದಣಿ ಬೇಕಾಗಿಲ್ಲ. ಕೋಸು, ಟೊಮೆಟೊ, ಬಾಳೆ, ರಾಗಿಯನ್ನು ನೀವು ಬೆಳೆದು ಚಾಮರಾಜನಗರದ ಮಾರುಕಟ್ಟೆಗೆ ಹಾಕಿದರೂ ಅಷ್ಟೇ, ಮೆಟ್ಟುಪಾಳ್ಯಕ್ಕೆ ಕಳಿಸಿದರೂ ಅಷ್ಟೇ. ತಾಜಾ ತರಕಾರಿಗೆ ತೆರಿಗೆಯೇ ಇಲ್ಲ. ಆದರೆ ಇಲ್ಲಿ ಒಂದು ಗುಂಡಿ ಇದೆ. ಹಸಿ ಅರಿಶಿನಕ್ಕೆ ತೆರಿಗೆ ಇಲ್ಲ. ಒಣಗಿದ ಅರಿಶಿನಕ್ಕೆ ನೂರಕ್ಕೆ 5 ರೂಪಾಯಿ ತೆರಿಗೆ. ಊರವರಿಂದ ಒಣ ಅರಿಶಿನ ಕೊಂಡು ವ್ಯಾಪಾರ ಮಾಡುವವರು ಅದನ್ನು ಗಡಿಯಾಚೆಯ ಖರೀದಿದಾರರಿಗೆ ಕಳಿಸಿದರೆ, 40 ಲಕ್ಷದ ಮಿತಿ ಅವರಿಗೆ ಅನ್ವಯಿಸುವುದಿಲ್ಲ. ತೆರಿಗೆ ಇರುವ ಮಾಲನ್ನು ರಾಜ್ಯದಿಂದ ರಾಜ್ಯಕ್ಕೆ ಮಾರುವವರು ಮೊದಲ ರೂಪಾಯಿಯಿಂದಲೇ ನೋಂದಣಿ ಮಾಡಿಸಬೇಕು. ಈರೋಡಿನ ವ್ಯಾಪಾರಿಗೆ ಮಾರಿದರೆ ಬೇಡದ ನೋಂದಣಿ, ಅದಕ್ಕಿಂತ ಎಷ್ಟೋ ಹತ್ತಿರದ ಚಾಮರಾಜನಗರದವರಿಗೆ ಮಾರಿದರೆ ಬೇಕಾಗುತ್ತದೆ. ಕಾನೂನು ಮೈಲಿ ಎಣಿಸುವುದಿಲ್ಲ, ಗಡಿ ಎಣಿಸುತ್ತದೆ.

ಈಗ ನಮ್ಮ ಗೊಬ್ಬರದಂಗಡಿಯ ಯಜಮಾನರ ಹತ್ತಿರ ಮರಳೋಣ. ಅವರ ಹಣ ಎಲ್ಲಿ ಹೋಯಿತು ಎಂಬುದನ್ನು ಗಮನವಿಟ್ಟು ಕೇಳಿ.

ಜಿ.ಎಸ್.ಟಿ. ಒಂದೇ ತೆರಿಗೆ ಎನ್ನುತ್ತಾರೆ, ಆದರೆ ಅದಕ್ಕೆ ಮೂರು ಖಾತೆಗಳಿವೆ. ರಾಜ್ಯದೊಳಗಿನ ವ್ಯಾಪಾರಕ್ಕೆ ಕೇಂದ್ರದ ಪಾಲು ಅರ್ಧ, ರಾಜ್ಯದ ಪಾಲು ಅರ್ಧ, ಬಿಲ್ಲಿನಲ್ಲಿ ಸಿ.ಜಿ.ಎಸ್.ಟಿ., ಎಸ್.ಜಿ.ಎಸ್.ಟಿ. ಎಂದು ಎರಡು ಸಾಲು ಇರುತ್ತದೆ. ರಾಜ್ಯದಿಂದ ರಾಜ್ಯಕ್ಕೆ ಹೋಗುವ ವ್ಯಾಪಾರಕ್ಕೆ ಒಂದೇ ಸಾಲು, ಐ.ಜಿ.ಎಸ್.ಟಿ. ಗಿರಾಕಿ ಕೊಡುವ ಹಣದಲ್ಲಿ ಒಂದು ಪೈಸೆಯೂ ವ್ಯತ್ಯಾಸವಿಲ್ಲ. ವ್ಯತ್ಯಾಸ ಇರುವುದು ಜಮೆಯಲ್ಲಿ.

ಯಜಮಾನರು ಚಾಮರಾಜನಗರದ ಸಗಟು ವ್ಯಾಪಾರಿಯ ಬಳಿ 1 ಲಕ್ಷ ರೂಪಾಯಿಯ ಕೀಟನಾಶಕ ಕೊಂಡರು. ತೆರಿಗೆ ನೂರಕ್ಕೆ 18ರಂತೆ 18,000. ಸ್ವಂತ ಗಾಡಿಯಲ್ಲಿಯೇ ತುಂಬಿಕೊಂಡು ಬಂದರು. ಅಂಗಡಿಯಲ್ಲಿಯೇ ಕೈಗೆ ಕೊಟ್ಟ ಮಾಲು ಎಂದುಕೊಂಡ ಮಾರಿದವರು ಬಿಲ್ಲಿನಲ್ಲಿ ಕೇಂದ್ರ ತೆರಿಗೆ 9,000, ಕರ್ನಾಟಕ ರಾಜ್ಯದ ತೆರಿಗೆ 9,000 ಎಂದು ಬರೆದರು. ಯಜಮಾನರು ಮೊತ್ತ ಮಾತ್ರ ನೋಡಿದರು. ಆ ಮಾಲನ್ನು ತಾಳವಾಡಿಯಲ್ಲಿ 1,20,000ಕ್ಕೆ ಮಾರಿ, ರೈತರಿಂದ 21,600 ತೆರಿಗೆ ಪಡೆದರು. ತಾವು ಕೊಟ್ಟ 18,000 ಕಳೆದು 3,600 ಮಾತ್ರ ಸರ್ಕಾರಕ್ಕೆ ಕಟ್ಟಿದರು. ಲೆಕ್ಕ ಸರಿಯಾಗಿಯೇ ಇದೆಯಲ್ಲ ಎಂದು ನಿಮಗೂ ಅನಿಸಬಹುದು.

ಸರಿಯಿಲ್ಲ. 29ರ ನಂಬರಿನವರು ಕರ್ನಾಟಕದೊಳಗಿನ ವ್ಯಾಪಾರ ಎಂದು ಬರೆದ ತೆರಿಗೆಯನ್ನು 33ರ ನಂಬರಿನವರು ಜಮೆ ಹಿಡಿಯುವಂತಿಲ್ಲ. ಕರ್ನಾಟಕದ ಬೊಕ್ಕಸಕ್ಕೆ ಹೋದ ಹಣವನ್ನು ತಮಿಳುನಾಡು ಹೇಗೆ ಬಿಟ್ಟುಕೊಟ್ಟೀತು? ಎರಡು ವರ್ಷ ಬಿಟ್ಟು ತಪಾಸಣೆ ಬಂತು ಎನ್ನಿ. 18,000 ತೆರಿಗೆ ಮತ್ತೆ ಕಟ್ಟಬೇಕು. ವರ್ಷಕ್ಕೆ ನೂರಕ್ಕೆ 18ರಂತೆ ಎರಡು ವರ್ಷದ ಬಡ್ಡಿ 6,480. ಒಟ್ಟು 24,480. ಕೂಡಲೇ ಒಪ್ಪಿ ಕಟ್ಟದೆ ಎಳೆದಾಡಿದರೆ ದಂಡ ಕನಿಷ್ಠ 10,000 ಸೇರುತ್ತದೆ. ಯಜಮಾನರು ಒಂದು ರೂಪಾಯಿಯನ್ನೂ ಕದ್ದಿರಲಿಲ್ಲ. ತೆರಿಗೆಯನ್ನು ಒಮ್ಮೆ ಕೊಟ್ಟಿದ್ದರು. ಬಿಲ್ಲು ತಪ್ಪಾದ್ದರಿಂದ ಎರಡನೆಯ ಬಾರಿ ಕೊಡಬೇಕಾಯಿತು.

ಹಾಗಾದರೆ ಮಾಡಬೇಕಾದದ್ದೇನು? ಗಡಿಯಾಚೆ ಕೊಳ್ಳುವಾಗ ಮೊದಲೇ ನಿಮ್ಮ 33ರ ನಂಬರು ಕೊಡಿ. ಮಾಲು ತಮಿಳುನಾಡಿಗೆ ಹೋಗುತ್ತದೆ ಎಂದು ಹೇಳಿ. ಬಿಲ್ಲಿನಲ್ಲಿ ಪೂರೈಕೆಯ ಸ್ಥಳ ತಮಿಳುನಾಡು ಎಂದು, ತೆರಿಗೆ ಐ.ಜಿ.ಎಸ್.ಟಿ. ಎಂದು ಬರೆಯಿಸಿ. ಆಗ ಅದೇ 18,000 ಪೂರ್ತಿ ನಿಮಗೆ ಜಮೆಯಾಗುತ್ತದೆ. ತಪ್ಪು ಬಿಲ್ಲು ಬಂದಿದ್ದರೆ ಕೂಡಲೇ ಮಾರಿದವರ ಬಳಿ ಹೋಗಿ, ಅದನ್ನು ಜಮಾ ಚೀಟಿಯಿಂದ ರದ್ದುಮಾಡಿಸಿ ಹೊಸ ಬಿಲ್ಲು ಪಡೆಯಿರಿ. ಇದಕ್ಕೆ ಗಡುವು ಇದೆ. ಮಾರ್ಚಿಗೆ ಮುಗಿದ ವರ್ಷದ ಬಿಲ್ಲನ್ನು ಅದರ ಮುಂದಿನ ನವೆಂಬರ್ 30ರೊಳಗೆ ಸರಿಪಡಿಸಿಕೊಳ್ಳಬೇಕು. ಆ ದಿನ ದಾಟಿದರೆ ಜಮೆಯ ಆಸೆ ಬಿಡಬೇಕಾಗುತ್ತದೆ.

ಪ್ರತಿ ತಿಂಗಳೂ ಇಲಾಖೆಯ ಜಾಲತಾಣದಲ್ಲಿ 2ಬಿ ಎಂಬ ಪಟ್ಟಿ ನಿಮಗಾಗಿ ತಯಾರಾಗುತ್ತದೆ. ನಿಮಗೆ ಮಾರಿದವರು ತೋರಿಸಿದ ಬಿಲ್ಲುಗಳೆಲ್ಲ ಅದರಲ್ಲಿ ಬರುತ್ತವೆ. ಇಂಥ ತಪ್ಪು ಬಿಲ್ಲು ಇದ್ದರೆ, ಜಮೆ ಸಿಗುವುದಿಲ್ಲ ಎಂಬ ಭಾಗದಲ್ಲಿ ಅದು ಬೇರೆಯಾಗಿ ಕಾಣುತ್ತದೆ. ಅದನ್ನು ನೀವು ನೋಡದಿದ್ದರೂ ತಪಾಸಣೆಯವರು ನೋಡುತ್ತಾರೆ. ಆದ್ದರಿಂದ ರಿಟರ್ನು ಹಾಕಿಕೊಡುವವರಿಗೆ ಹಣ ಕೊಟ್ಟು ಸುಮ್ಮನಾಗಬೇಡಿ. "ಈ ತಿಂಗಳ 2ಬಿ ಪಟ್ಟಿ ಅಚ್ಚು ಹಾಕಿ ಕೊಡಿ" ಎಂದು ಕೇಳಿ, ನಿಮ್ಮ ಬಿಲ್ಲಿನ ಕಟ್ಟಿನ ಪಕ್ಕ ಇಟ್ಟು ತಾಳೆ ನೋಡಿ.

ಇದು ಕೊಳ್ಳುವ ಮಾತಾಯಿತು. ಮಾರುವಾಗ? ಗಡಿಯಾಚೆಯ ಹಳ್ಳಿಯ ರೈತರೊಬ್ಬರು ನಿಮ್ಮ ಅಂಗಡಿಗೆ ಬಂದು ಔಷಧಿ ಕೊಂಡರು. ಅವರಿಗೆ ಜಿ.ಎಸ್.ಟಿ. ನಂಬರಿಲ್ಲ. 2023ರ ಅಕ್ಟೋಬರ್ 1ರಿಂದ ನಿಯಮ ಹೀಗಿದೆ: ನೋಂದಣಿ ಇಲ್ಲದ ಗಿರಾಕಿಯ ವಿಳಾಸವನ್ನು ಬಿಲ್ಲಿನಲ್ಲಿ ಬರೆದರೆ, ಆ ವಿಳಾಸವೇ ಪೂರೈಕೆಯ ಸ್ಥಳ. ಬರೆಯದಿದ್ದರೆ ನಿಮ್ಮ ಅಂಗಡಿಯೇ ಪೂರೈಕೆಯ ಸ್ಥಳ. ಬರಿಯ ರಾಜ್ಯದ ಹೆಸರು ಬರೆದರೂ ವಿಳಾಸ ಬರೆದಂತೆಯೇ. ಅಂದರೆ ಬಿಲ್ಲಿನಲ್ಲಿ 'ಕರ್ನಾಟಕ' ಎಂದು ಬರೆದು ತಮಿಳುನಾಡಿನ ತೆರಿಗೆ ಹಾಕಿದರೆ ಅದು ತಪ್ಪು ಖಾತೆಗೆ ಕಟ್ಟಿದಂತೆ. ಬಿಲ್ಲು 50,000 ಅಥವಾ ಅದಕ್ಕೆ ಮೇಲಾದರೆ ಹೆಸರು, ವಿಳಾಸ ಬರೆಯಲೇಬೇಕು, ಆಗ ಐ.ಜಿ.ಎಸ್.ಟಿ. ಹಾಕಿ.

ತಪ್ಪು ಖಾತೆಗೆ ಕಟ್ಟಿಬಿಟ್ಟಿದ್ದರೆ ಎದೆಗುಂದಬೇಡಿ. ಇದಕ್ಕೆ ಕಾನೂನಿನಲ್ಲಿಯೇ ದಾರಿ ಇದೆ. ಸರಿಯಾದ ಖಾತೆಗೆ ತೆರಿಗೆ ಕಟ್ಟಿ, ತಪ್ಪು ಖಾತೆಗೆ ಕಟ್ಟಿದ್ದನ್ನು ಮರುಪಾವತಿ ಕೇಳಬಹುದು. ಸರಿಯಾಗಿ ಕಟ್ಟಿದ ದಿನದಿಂದ ಎರಡು ವರ್ಷದೊಳಗೆ ಅರ್ಜಿ ಹಾಕಬೇಕು. ಇಂಥ ತಪ್ಪಿಗೆ ಬಡ್ಡಿ ಹಾಕುವುದಿಲ್ಲ. ತಪಾಸಣೆಯಲ್ಲಿ ಬಡ್ಡಿ ಕೇಳಿದರೆ, ಕೇಂದ್ರ ಜಿ.ಎಸ್.ಟಿ. ಕಾಯಿದೆಯ 77ನೇ ವಿಧಿ, ಸಂಯೋಜಿತ ಜಿ.ಎಸ್.ಟಿ. ಕಾಯಿದೆಯ 19ನೇ ವಿಧಿ ನೋಡಿ ಎಂದು ವಿನಯದಿಂದ ಬರೆದು ಕೊಡಿ.

ಚಿಲ್ಲರೆ ಅಂಗಡಿ, ಹೋಟೆಲಿನವರು ಕೆಲವರು ರಾಜಿ ತೆರಿಗೆ ಯೋಜನೆಯಲ್ಲಿದ್ದಾರೆ. ವಹಿವಾಟು ಒಂದೂವರೆ ಕೋಟಿಯ ಒಳಗಿದ್ದವರು ವ್ಯಾಪಾರಕ್ಕೆ ನೂರಕ್ಕೆ 1, ಹೋಟೆಲಿಗೆ ನೂರಕ್ಕೆ 5 ಕಟ್ಟಿ ನೆಮ್ಮದಿಯಾಗಿರುವ ಯೋಜನೆ ಅದು. ಆದರೆ ಅವರು ಗಿರಾಕಿಯಿಂದ ತೆರಿಗೆ ಎಂದು ಬೇರೆ ಹಣ ಪಡೆಯುವಂತಿಲ್ಲ, ಇನ್‌ಪುಟ್ ಹಿಡಿಯುವಂತಿಲ್ಲ, ಗಡಿಯಾಚೆಗೆ ಮಾಲು ಮಾರಿ ಕಳಿಸುವಂತಿಲ್ಲ. ಗಡಿಯಾಚೆಯಿಂದ ಕೊಳ್ಳಬಹುದು, ಗಡಿಯಾಚೆಗೆ ಮಾರಬಾರದು. ಅತ್ತ ಕಡೆಯ ಬಂಧುವಿನ ಅಂಗಡಿಗೆ ಹತ್ತು ಮೂಟೆ ಕಳಿಸಿದ ಬಿಲ್ಲು ಸಿಕ್ಕರೂ ಯೋಜನೆಯಿಂದ ಹೊರಬೀಳುವ ಅಪಾಯವಿದೆ.

ತಪಾಸಣೆಯಲ್ಲಿ ಸಾಮಾನ್ಯವಾಗಿ ಸಿಕ್ಕಿಬೀಳುವ ಇನ್ನು ಕೆಲವು ವಿಷಯಗಳಿವೆ. ಉದ್ದರಿಯಲ್ಲಿ ಕೊಂಡ ಮಾಲಿಗೆ 180 ದಿನದೊಳಗೆ ಹಣ ಕೊಡದಿದ್ದರೆ, ಹಿಡಿದ ಜಮೆಯನ್ನು ಬಡ್ಡಿಯೊಂದಿಗೆ ಹಿಂದಿರುಗಿಸಬೇಕು. ಹಣ ಕೊಟ್ಟ ಮೇಲೆ ಜಮೆಯನ್ನು ಮತ್ತೆ ಹಿಡಿಯಬಹುದು. ಅವಧಿ ಮೀರಿದ ಔಷಧಿಯನ್ನು ನಾಶಮಾಡಿದರೆ, ಇಲಿ ತಿಂದು ಮಾಲು ಹಾಳಾದರೆ, ಅದರ ಜಮೆ ನಿಮ್ಮದಲ್ಲ. ಮನೆಯ ಬಳಕೆಗೆ ತೆಗೆದುಕೊಂಡದ್ದಕ್ಕೂ ಜಮೆ ಇಲ್ಲ. ಲಾರಿ ಬಾಡಿಗೆಯ ಮೇಲೆ, ಸಾಗಣೆ ಸಂಸ್ಥೆಯವರು ತೆರಿಗೆ ಹಾಕದಿದ್ದರೆ, ಬಾಡಿಗೆ ಕೊಟ್ಟ ನೋಂದಾಯಿತ ವ್ಯಾಪಾರಿಯೇ ತೆರಿಗೆ ಕಟ್ಟಬೇಕಾದ ಸಂದರ್ಭಗಳಿವೆ. ಅಂಗಡಿಯ ಮಳಿಗೆ ಬಾಡಿಗೆಯದೇ? ಕಟ್ಟಡದ ಮಾಲೀಕರಿಗೆ ಜಿ.ಎಸ್.ಟಿ. ನೋಂದಣಿ ಇಲ್ಲವೇ? ಹಾಗಿದ್ದರೆ 2024ರ ಅಕ್ಟೋಬರ್ 10ರಿಂದ ಆ ಬಾಡಿಗೆಯ ಮೇಲೆ ನೂರಕ್ಕೆ 18 ತೆರಿಗೆಯನ್ನು ಬಾಡಿಗೆದಾರರಾದ ನೀವೇ ಕಟ್ಟಿ, ಜಮೆ ಹಿಡಿಯಬೇಕು. ರಾಜಿ ಯೋಜನೆಯವರನ್ನು ಬಳಿಕ ಇದರಿಂದ ಹೊರಗಿಟ್ಟರು. ಇದು ಬಹಳ ಅಂಗಡಿಯವರಿಗೆ ಇನ್ನೂ ಗೊತ್ತಿಲ್ಲ.

ದರದ ಮಾತೂ ಇದೆ. 2025ರ ಸೆಪ್ಟೆಂಬರ್ 22ರಿಂದ ಬಹಳ ಸಾಮಾನುಗಳ ದರ ಬದಲಾಯಿತು. ಸೋಪು, ಹಲ್ಲುಜ್ಜುವ ಪೇಸ್ಟು, ಬಿಸ್ಕತ್ತು, ಟ್ರ್ಯಾಕ್ಟರು ನೂರಕ್ಕೆ 5ಕ್ಕೆ ಇಳಿದವು. ಸಿಮೆಂಟು 28ರಿಂದ 18ಕ್ಕೆ ಇಳಿಯಿತು. ಆ ವರ್ಷದ ಲೆಕ್ಕ ನೋಡುವಾಗ ಆ ದಿನದ ಹಿಂದಿನ ಬಿಲ್ಲು, ಮುಂದಿನ ಬಿಲ್ಲು ಬೇರೆಬೇರೆಯಾಗಿ ನೋಡುತ್ತಾರೆ. ನಿಮ್ಮ ಕಂಪ್ಯೂಟರಿನಲ್ಲಿ ಹಳೆಯ ದರ ಹಾಗೆಯೇ ಉಳಿದಿಲ್ಲವೆಂದು ಒಮ್ಮೆ ನೋಡಿಕೊಳ್ಳಿ.

ಇ-ವೇ ಬಿಲ್ಲು ಎಂಬ ಸಾಗಣೆ ರಹದಾರಿಯನ್ನೂ ತಪಾಸಣೆಯವರು ರಿಟರ್ನಿನೊಂದಿಗೆ ತಾಳೆ ಹಾಕುತ್ತಾರೆ. ತೆರಿಗೆಯ ಮಾಲು ಗಡಿ ದಾಟುವಾಗ 50,000 ರೂಪಾಯಿ ಮೀರಿದರೆ ಇದು ಬೇಕು. ತಮಿಳುನಾಡಿನೊಳಗೆ 1 ಲಕ್ಷ ಮೀರಿದರೆ ಬೇಕು. 200 ಕಿಲೋಮೀಟರಿಗೆ ಒಂದು ದಿನದ ಅವಧಿ. ದಿಂಬಂ ಘಾಟಿಯ 27 ತಿರುವುಗಳಲ್ಲಿ 2022ರಿಂದ ಮದರಾಸು ಉಚ್ಚ ನ್ಯಾಯಾಲಯದ ಆದೇಶದಂತೆ ರಾತ್ರಿ ಸಂಚಾರಕ್ಕೆ ನಿರ್ಬಂಧವಿದೆ. ಲಾರಿ ಬಣ್ಣಾರಿಯಲ್ಲಿ ಕಾದು ನಿಂತು ಅವಧಿ ಮುಗಿಯುವಂತಿದ್ದರೆ, ಮುಗಿಯುವ 8 ಗಂಟೆ ಮೊದಲು ಅಥವಾ ಮುಗಿದ 8 ಗಂಟೆಯೊಳಗೆ ಅದನ್ನು ಮುಂದುವರಿಸಿಕೊಳ್ಳಬಹುದು.

ಇನ್ನು ತಪಾಸಣೆ ಹೇಗೆ ನಡೆಯುತ್ತದೆ ಎಂದು ನೋಡೋಣ. ಮೊದಲು ಎ.ಡಿ.ಟಿ. 01 ಎಂಬ ನಮೂನೆಯಲ್ಲಿ ನೋಟೀಸು ಬರುತ್ತದೆ. ತಪಾಸಣೆಗೆ ಕನಿಷ್ಠ 15 ಕೆಲಸದ ದಿನಗಳ ಮೊದಲೇ ಅದನ್ನು ಕೊಡಬೇಕು. ಯಾವ ವರ್ಷದ ಲೆಕ್ಕ, ಯಾವ ಕಾಗದಗಳು ಬೇಕು ಎಂದು ಅದರಲ್ಲಿ ಇರುತ್ತದೆ. ಅದು ನಿಜವಾದ ನೋಟೀಸೇ ಎಂದು ತಿಳಿಯಲು ಜಿ.ಎಸ್.ಟಿ. ಜಾಲತಾಣದಲ್ಲಿ ನಿಮ್ಮ ಹೆಸರಿನಲ್ಲಿ ಒಳಹೊಕ್ಕು, ನೋಟೀಸುಗಳ ಪುಟ ನೋಡಿ. ಮೊಬೈಲಿಗೆ ಬಂದ ಕೊಂಡಿಯನ್ನು ಒತ್ತಿ ಯಾರಿಗೂ ಹಣ ಕಳಿಸಬೇಡಿ. ತೆರಿಗೆ ಕಟ್ಟುವುದು ಜಾಲತಾಣದ ಚಲನ್ ಮೂಲಕ ಮಾತ್ರ, ಯಾರ ಕೈಗೂ ಅಲ್ಲ.

ತಪಾಸಣೆ ನಿಮ್ಮ ಅಂಗಡಿಯಲ್ಲಿಯೂ ನಡೆಯಬಹುದು, ಅವರ ಕಚೇರಿಯಲ್ಲಿಯೂ ನಡೆಯಬಹುದು. ಶುರುವಾದ ದಿನದಿಂದ 3 ತಿಂಗಳೊಳಗೆ ಮುಗಿಸಬೇಕು. ಕಮಿಷನರ್ ಕಾರಣ ಬರೆದು 6 ತಿಂಗಳವರೆಗೆ ಹೆಚ್ಚಿಸಬಹುದು. ವ್ಯತ್ಯಾಸ ಕಂಡರೆ ನಿಮಗೆ ತಿಳಿಸುತ್ತಾರೆ, ನೀವು ಲಿಖಿತ ಉತ್ತರ ಕೊಡಬಹುದು. ಆ ಉತ್ತರ ನೋಡಿದ ಮೇಲೆಯೇ ಅವರು ತೀರ್ಮಾನಕ್ಕೆ ಬರಬೇಕು. ಮುಗಿದ 30 ದಿನದೊಳಗೆ ಎ.ಡಿ.ಟಿ. 02 ನಮೂನೆಯಲ್ಲಿ ವರದಿ ಕೊಡಬೇಕು. ನೀವೇ ಹೋಗಬೇಕೆಂದಿಲ್ಲ; ಸಂಬಂಧಿಕರು, ಅಂಗಡಿಯ ನೌಕರರು, ವಕೀಲರು, ಲೆಕ್ಕ ಪರಿಶೋಧಕರು, ಜಿ.ಎಸ್.ಟಿ. ಪ್ರಾಕ್ಟೀಷನರು ನಿಮ್ಮ ಪರವಾಗಿ ಹಾಜರಾಗಬಹುದು. ತಮಿಳಿನಲ್ಲಿಯೋ ಇಂಗ್ಲಿಷಿನಲ್ಲಿಯೋ ಬರೆದ ಹೇಳಿಕೆಯನ್ನು ಓದಿಸಿ ಅರ್ಥ ಮಾಡಿಕೊಳ್ಳದೆ ಸಹಿ ಹಾಕಬೇಡಿ. ಕೊಟ್ಟ ಪ್ರತಿ ಕಾಗದಕ್ಕೂ ಪಟ್ಟಿ ಮಾಡಿ, ಸ್ವೀಕೃತಿ ಪಡೆಯಿರಿ.

ಒಂದು ವಿಷಯ ನೆನಪಿಡಿ. ಎ.ಡಿ.ಟಿ. 02 ವರದಿ ಅಂತಿಮ ಆದೇಶವಲ್ಲ. ಅದರಲ್ಲಿ ಹೇಳಿದ್ದು ಸರಿ ಎನಿಸಿದರೆ ಡಿ.ಆರ್.ಸಿ. 03 ನಮೂನೆಯಲ್ಲಿ ತೆರಿಗೆ, ಬಡ್ಡಿ ಕಟ್ಟಿ ಮುಗಿಸಬಹುದು. ಒಪ್ಪದಿದ್ದರೆ ಕಾರಣ ಕೇಳುವ ನೋಟೀಸು ಬರುತ್ತದೆ. 2024-25ರಿಂದ ಮುಂದಿನ ವರ್ಷಗಳಿಗೆ 74ಎ ವಿಧಿ ಅನ್ವಯ. ಮೋಸವಿಲ್ಲದ ತಪ್ಪಾದರೆ, ಆ ನೋಟೀಸು ಬಂದ 60 ದಿನದೊಳಗೆ ತೆರಿಗೆ ಮತ್ತು ಬಡ್ಡಿ ಕಟ್ಟಿದರೆ ದಂಡವಿಲ್ಲ. ಬಿಟ್ಟರೆ ತೆರಿಗೆಯ ನೂರಕ್ಕೆ 10 ಅಥವಾ 10,000, ಯಾವುದು ಹೆಚ್ಚೋ ಅದು. ಬೇಕೆಂದೇ ಮುಚ್ಚಿಟ್ಟಿದ್ದರೆ ದಂಡ ತೆರಿಗೆಯಷ್ಟೇ ಆಗಬಹುದು. ಮಾಲೇ ಬಾರದೆ ಬರಿಯ ಬಿಲ್ಲು ಕೊಂಡು ಜಮೆ ಹಿಡಿದವರು ಈ ಗುಂಪಿಗೆ ಸೇರುತ್ತಾರೆ. ಅಂಥ ಬಿಲ್ಲು ಕೊಡುತ್ತೇವೆ ಎಂದು ಬರುವವರನ್ನು ಅಂಗಡಿಯ ಮೆಟ್ಟಿಲು ಹತ್ತಿಸಬೇಡಿ. ಆದೇಶ ಬಂದ ಮೇಲೂ ಒಪ್ಪಿಗೆಯಿಲ್ಲದಿದ್ದರೆ 3 ತಿಂಗಳೊಳಗೆ ಮೇಲ್ಮನವಿ ಸಲ್ಲಿಸಬಹುದು. ವಿವಾದದ ತೆರಿಗೆಯಲ್ಲಿ ನೂರಕ್ಕೆ 10ರಷ್ಟು ಮೊದಲು ಕಟ್ಟಬೇಕು.

2025ರ ಜುಲೈಯಲ್ಲಿ ಕರ್ನಾಟಕದಲ್ಲಿ ಏನಾಯಿತೆಂದು ನಿಮ್ಮಲ್ಲಿ ಹಲವರಿಗೆ ನೆನಪಿರಬಹುದು. ಯು.ಪಿ.ಐ. ಮೂಲಕ ಬಂದ ಹಣದ ಲೆಕ್ಕ ನೋಡಿ ಅಲ್ಲಿನ ವಾಣಿಜ್ಯ ತೆರಿಗೆ ಇಲಾಖೆ ಸಣ್ಣ ವ್ಯಾಪಾರಿಗಳಿಗೆ ನೋಟೀಸು ಕೊಟ್ಟಿತು. ಬೇಕರಿ, ಟೀ ಅಂಗಡಿಗಳವರು ಗಾಬರಿಯಾದರು. ಅಂಗಡಿಗಳ ಮುಂದೆ 'ಯು.ಪಿ.ಐ. ಇಲ್ಲ, ನಗದು ಕೊಡಿ' ಎಂಬ ಚೀಟಿಗಳು ಕಂಡವು. ಕೊನೆಗೆ ಮುಖ್ಯಮಂತ್ರಿ ಸಿದ್ದರಾಮಯ್ಯನವರು ವ್ಯಾಪಾರಿಗಳ ಸಭೆ ಕರೆದು, ನೋಂದಣಿ ಮಾಡಿಸಿಕೊಂಡರೆ ಹಳೆಯ ಬಾಕಿ ವಸೂಲಿ ಮಾಡುವುದಿಲ್ಲವೆಂದು ಹೇಳಿದರು. ಅದು ಲೆಕ್ಕ ತಪಾಸಣೆಯಲ್ಲ, ನೋಂದಣಿ ಇಲ್ಲದವರಿಗೆ ಬಂದ ನೋಟೀಸು. ಆದರೆ ಅದರಲ್ಲಿ ನಮಗೊಂದು ಪಾಠವಿದೆ. ಖಾತೆಗೆ ಬಂದ ಹಣವೆಲ್ಲ ತೆರಿಗೆಯ ವಹಿವಾಟಲ್ಲ. ಅದರಲ್ಲಿ ಹಾಲು, ತರಕಾರಿಯ ಹಣ ಇರುತ್ತದೆ, ಭಾವಮೈದುನ ಕೊಟ್ಟ ಕೈಸಾಲ ಇರುತ್ತದೆ, ಚೀಟಿ ಹಣ ಇರುತ್ತದೆ. ಯಾವುದು ಯಾವುದೆಂದು ತೋರಿಸುವ ಲೆಕ್ಕ ನಿಮ್ಮ ಬಳಿ ಇರಬೇಕು. ಅಂಗಡಿಗೆ ಒಂದು ಖಾತೆ, ಮನೆಗೆ ಒಂದು ಖಾತೆ ಇಟ್ಟುಕೊಂಡರೆ ಅರ್ಧ ತೊಂದರೆ ಅಲ್ಲಿಯೇ ತೀರಿತು.

ಕೊನೆಯದಾಗಿ ಕಾಗದ ಜೋಪಾನದ ಮಾತು. ಆಯಾ ವರ್ಷದ ವಾರ್ಷಿಕ ರಿಟರ್ನಿನ ಕೊನೆಯ ದಿನದಿಂದ 72 ತಿಂಗಳು, ಅಂದರೆ 6 ವರ್ಷ, ಲೆಕ್ಕ ಇಟ್ಟಿರಬೇಕು. 2024-25ರ ಲೆಕ್ಕವನ್ನು 2031ರ ಡಿಸೆಂಬರ್ 31ರವರೆಗೆ ಇಡಿ. ವ್ಯಾಜ್ಯ ನಡೆಯುತ್ತಿದ್ದರೆ ಇನ್ನೂ ಹೆಚ್ಚು ಕಾಲ ಇಡಬೇಕು. ನಮ್ಮ ಬೆಟ್ಟದ ತೇವಕ್ಕೆ ಬಿಲ್ಲಿನ ಅಕ್ಷರ ಬೇಗ ಮಾಸುತ್ತದೆ, ಗೆದ್ದಲೂ ಬಿಡುವುದಿಲ್ಲ. ಬಿಲ್ಲು ಬಂದ ದಿನವೇ ಮೊಬೈಲಿನಲ್ಲಿ ಚಿತ್ರ ತೆಗೆದು, ತಿಂಗಳಿಗೊಂದು ಕಟ್ಟು ಮಾಡಿ, ತಗಡಿನ ಪೆಟ್ಟಿಗೆಯಲ್ಲಿಡಿ. ಕೊಂಡದ್ದು ಒಂದು ಕಟ್ಟು, ಮಾರಿದ್ದು ಒಂದು ಕಟ್ಟು, ಗಡಿಯಾಚೆಯಿಂದ ಬಂದದ್ದು ಬೇರೆ ಒಂದು ಕಟ್ಟು.

ಆ ಮೂರನೆಯ ಕಟ್ಟನ್ನು ಇಂದು ರಾತ್ರಿ ಅಂಗಡಿ ಮುಚ್ಚುವ ಮೊದಲು ಒಮ್ಮೆ ಬಿಚ್ಚಿ ನೋಡಿ. 29ರಿಂದ ಶುರುವಾಗುವ ನಂಬರಿನವರು ಕೊಟ್ಟ ಬಿಲ್ಲಿನಲ್ಲಿ ತೆರಿಗೆ ಒಂದು ಸಾಲಿನಲ್ಲಿದೆಯೋ, ಎರಡು ಸಾಲಿನಲ್ಲಿದೆಯೋ? ಒಂದೇ ಸಾಲಿದ್ದು, ಅದು ಐ.ಜಿ.ಎಸ್.ಟಿ. ಆಗಿದ್ದರೆ ನಿಶ್ಚಿಂತೆಯಿಂದ ಮನೆಗೆ ಹೋಗಿ ಊಟ ಮಾಡಿ. ಎರಡು ಸಾಲಿದ್ದರೆ ನಾಳೆಯೇ ಚಾಮರಾಜನಗರದ ಬಸ್ಸು ಹತ್ತಿ. ತಪಾಸಣೆಯವರು ಬರುವ ಮೊದಲು ನೀವು ಹೋದರೆ ಆಗುವ ಖರ್ಚು ಬಸ್ಸಿನ ಚೀಟಿಯ ಹಣ ಮಾತ್ರ.